ಉಪ್ಪಿಟ್ಟು ತಿಂದು ಬರೆದ ವರದಿಗಳು

ಈ ಕೆಲಸಕ್ಕೆ ಹೊಸದಾಗಿ ಸೇರುವವರು ಈಗ ಕಾಯ್ದೆಯನ್ನು ಅರೆದು ಕುಡಿದು ಬರುತ್ತಾರೆ. ಒಳ್ಳೆಯದೇ. ಜೊತೆಗೆ ಹೊಟ್ಟೆಯಲ್ಲಿ ಒಂದಿಷ್ಟು ಜಾಗ ಇಟ್ಟುಕೊಂಡು ಬನ್ನಿ ಎಂದು ನಾನು ಹೇಳುವುದು. ಅನಾಥ ಮಗುವನ್ನು ಒಂದು ಕುಟುಂಬಕ್ಕೆ ಸಾಕಲು ಕೊಡುವ ಮೊದಲು ಆ ಮನೆಯನ್ನು ಕಣ್ಣಾರೆ ನೋಡಿ ವರದಿ ಬರೆಯಬೇಕು ಎಂಬುದು ನಿಯಮ. ನಮ್ಮ ಪಾಂಡವಪುರ, ಕೆ.ಆರ್. ಪೇಟೆ ಕಡೆಯ ಜನ ಅದನ್ನು ಹೆಣ್ಣು ನೋಡುವ ಶಾಸ್ತ್ರವೆಂದೇ ತಿಳಿಯುತ್ತಾರೆ. ಅಂಗಳಕ್ಕೆ ನೀರು ಹಾಕಿ ರಂಗೋಲಿ ಬಿಡುತ್ತಾರೆ. ಮನೆಯ ಯಜಮಾನ ಇಸ್ತ್ರಿ ಅಂಗಿ ಹಾಕಿಕೊಂಡು ಕೂರುತ್ತಾನೆ. ಉಪ್ಪಿಟ್ಟು, ಕೇಸರಿಬಾತು, ಬಾಳೆಹಣ್ಣು, ಮೇಲೆ ಕಾಫಿ. ತಿನ್ನದೆ ಎದ್ದರೆ ಮನೆ ಒಪ್ಪಿಗೆಯಾಗಲಿಲ್ಲ ಎಂದೇ ಅರ್ಥ. ಒಂದೇ ದಿನ ಮೂರು ಮನೆ ನೋಡಿ ಬಂದ ಸಂಜೆ ನನ್ನ ಯಜಮಾನರು ಅಕ್ಕರೆಯಿಂದ ಉಪ್ಪಿಟ್ಟು ಮಾಡಿಟ್ಟಿದ್ದರು. ಪಾಪ, ಅವರ ಮೇಲೆ ರೇಗಿಬಿಟ್ಟೆ.

ನಾನು ಅಂಗನವಾಡಿ ಮೇಲ್ವಿಚಾರಕಿಯಾಗಿ ಶುರುಮಾಡಿ, ಮಕ್ಕಳ ರಕ್ಷಣೆಯ ಕೆಲಸಕ್ಕೆ ಬಂದು, ಅಲ್ಲೇ ನಿವೃತ್ತಳಾದವಳು. ಬಡ್ತಿಯ ಕಥೆ ಬೇಡ. ಒಂದೇ ಒಂದು ಬಂತು, ಅದೂ ನಮ್ಮೂರ ಬಸ್ಸಿನ ಹಾಗೆ, ಎಲ್ಲರೂ ಆಸೆ ಬಿಟ್ಟ ಮೇಲೆ. ನಾನು ಮಾಡಿದ ತಪ್ಪುಗಳ ಕಥೆ ಅದಕ್ಕಿಂತ ರುಚಿಯಾಗಿದೆ, ಉಪಯೋಗಕ್ಕೂ ಬರುತ್ತದೆ.

ಮೊದಲನೆಯದು ಸೋಫಾ ಪ್ರಕರಣ. ಕೆ.ಆರ್. ಪೇಟೆ ಕಡೆಯ ಒಂದು ಹಳ್ಳಿಯಲ್ಲಿ ಮನೆ ನೋಡಿ, ಫೋಟೋ ತೆಗೆದು, ‘ಮನೆಯು ಅನುಕೂಲಕರವಾಗಿದೆ, ಉತ್ತಮ ಸೋಫಾ ಇದೆ’ ಎಂದು ಶುರುಮಾಡಿ ನಾಲ್ಕು ಸಾಲು ಬರೆದೆ. ಅದೇ ವಾರ ಪಕ್ಕದ ಹಳ್ಳಿಯಲ್ಲಿ ಇನ್ನೊಂದು ಮನೆ ನೋಡಿದೆ. ಅಲ್ಲೂ ಉತ್ತಮ ಸೋಫಾ ಇತ್ತು, ಅಲ್ಲೂ ಬರೆದೆ. ಆಗ ನಮ್ಮ ಮೇಲಧಿಕಾರಿ ರಾಮಕೃಷ್ಣಯ್ಯನವರು. ಅವರು ಕೂಗಾಡುವ ಪೈಕಿ ಅಲ್ಲ. ಕನ್ನಡಕವನ್ನು ಹಣೆಗೇರಿಸಿ, ನಮ್ಮ ವರದಿಯ ಅಂಚಿನಲ್ಲಿ ಹಸಿರು ಶಾಯಿಯಲ್ಲಿ ನಾಲ್ಕು ಪದ ಬರೆಯುವರು. ಅಷ್ಟಕ್ಕೇ ನಮ್ಮ ನಿದ್ದೆ ಹೋಗುತ್ತಿತ್ತು. ಆ ದಿನ ನನ್ನನ್ನು ಕರೆದು ಎರಡೂ ಫೋಟೋಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟರು. ಎರಡರಲ್ಲೂ ಗಿಳಿಯ ಚಿತ್ರವಿದ್ದ ಅದೇ ಹೊದಿಕೆ, ಎಡಗೈ ಹತ್ತಿರ ಅದೇ ಹರಕು.

“ಲಕ್ಷ್ಮೀದೇವಮ್ಮ, ಈ ಸೋಫಾ ಎರಡು ಊರಲ್ಲಿ ಎರಡು ಮಕ್ಕಳನ್ನು ಸಾಕುತ್ತಾ ಇದೆಯಾ?”

ಆ ಎರಡು ಮನೆಯ ಹೆಂಗಸರು ಅಕ್ಕತಂಗಿಯರಂತೆ. ನಾನು ಬರುವ ದಿನ ಗೊತ್ತಾದೊಡನೆ ಸೋಫಾ ಟ್ರಾಕ್ಟರಿನಲ್ಲಿ ಅಕ್ಕನ ಮನೆಯಿಂದ ತಂಗಿಯ ಮನೆಗೆ ಹೋಗಿತ್ತು. ನಾನು ನಗಬೇಕೋ ಅಳಬೇಕೋ ತಿಳಿಯದೆ ನಿಂತಿದ್ದೆ. ರಾಮಕೃಷ್ಣಯ್ಯನವರು ಮೆಲ್ಲಗೆ ಹೇಳಿದರು: “ಅವರು ತಂದಿಟ್ಟಿದ್ದು ತಪ್ಪಲ್ಲ, ಬಿಡಿ. ಮನೆಗೆ ಬರೋರಿಗೆ ಚಾಪೆ ಹಾಸೋ ಜನ ಅವರು. ನೀವು ಸೋಫಾ ಬಗ್ಗೆ ನಾಲ್ಕು ಸಾಲು ಬರೆದಿದ್ದೀರಿ. ಮಗು ಎಲ್ಲಿ ಮಲಗುತ್ತೆ ಅನ್ನೋದಕ್ಕೆ ಒಂದು ಸಾಲೂ ಇಲ್ಲ.”

ಅಂದಿನಿಂದ ನಾನು ಯಾವ ಮನೆಗೆ ಹೋದರೂ ಮೊದಲು ಹುಡುಕುತ್ತಿದ್ದುದು ಮಗುವಿನ ಹಾಸಿಗೆ.

ಸೋಫಾ ಪ್ರಕರಣಕ್ಕೂ ಹಿಂದಿನ, ನಮ್ಮ ಕಾಲದ ಹಳೆಯ ರೀತಿಯನ್ನೂ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನ ಕಥೆ ಅರ್ಥವಾಗುವುದಿಲ್ಲ. ತಂದೆ ತಾಯಿ ಇಲ್ಲದ ಮಗು, ಇಲ್ಲವೆ ತಾಯಿಯೊಬ್ಬಳೇ ಒದ್ದಾಡುತ್ತಿರುವ ಮಗು ಕಂಡರೆ ನಮಗೆ ಗೊತ್ತಿದ್ದ ಮದ್ದು ಒಂದೇ, ಬಾಲಮಂದಿರ. ಊಟ, ಬಟ್ಟೆ, ಓದು ಎಲ್ಲ ಸಿಗುತ್ತದೆ, ಇನ್ನೇನು ಬೇಕು ಎಂದುಕೊಂಡಿದ್ದೆವು. ಮಗುವನ್ನು ಅಲ್ಲಿ ಬಿಟ್ಟು ಬಂದ ದಿನ ಪುಣ್ಯ ಕಟ್ಟಿಕೊಂಡವರ ಹಾಗೆ ಮನೆಗೆ ಬರುತ್ತಿದ್ದೆವು. ಆಮೇಲೆ ಹೊಸ ಬಾಲನ್ಯಾಯ ಕಾಯ್ದೆ ಬಂತು. ಮಗು ಬೆಳೆಯಬೇಕಾದ್ದು ಮನೆಯಲ್ಲಿ, ಸಂಸ್ಥೆ ಕಟ್ಟಕಡೆಯ ದಾರಿ ಎಂದಿತು. ಬಡತನದಿಂದ ಮಗು ಮನೆ ಬಿಡಬಾರದು, ಆ ಮನೆಗೇ ನೆರವು ಕೊಡಿ ಎಂದಿತು. ರಕ್ತ ಸಂಬಂಧ ಇಲ್ಲದ ಕುಟುಂಬವೂ ಪೋಷಕರಾಗಿ ಮಗುವನ್ನು ಸಾಕಬಹುದು, ಮಗುವಿನ ಇಷ್ಟವನ್ನೂ ಕೇಳಬೇಕು ಎಂದಿತು. ಹಳೆಯ ಕಾಯ್ದೆಯಲ್ಲೂ ಇದರಲ್ಲಿ ಕೆಲವು ಮಾತು ಇದ್ದವಂತೆ. ನಾವು ಆ ಪುಟದವರೆಗೆ ಹೋಗಿರಲಿಲ್ಲ, ಅಷ್ಟೆ.

ತರಬೇತಿಗಳೋ ತರಬೇತಿಗಳು. ಪೋಷಕರಿಗೆ ಮಕ್ಕಳ ಪಾಲನೆಯ ಬಗ್ಗೆ ತಿಳಿವಳಿಕೆ ಹೇಳಬೇಕು ಎಂದೂ ಹೇಳಿಕೊಟ್ಟರು. ಆ ಹುರುಪಿನಲ್ಲಿ ನಾಗಮಂಗಲದ ಹತ್ತಿರ ಮೊಮ್ಮಗನನ್ನು ಸಾಕುತ್ತಿದ್ದ ಒಬ್ಬ ಅಜ್ಜಿಯ ಮುಂದೆ ಕೂತು, ಮಗುವಿಗೆ ಪ್ರೀತಿ ತೋರಿಸುವುದು ಹೇಗೆ ಎಂದು ಅರ್ಧ ಗಂಟೆ ವಿವರಿಸಿದೆ. ಅಜ್ಜಿ ಎಲೆಯಡಿಕೆ ಮೆಲ್ಲುತ್ತ ಎಲ್ಲವನ್ನೂ ಕೇಳಿಸಿಕೊಂಡು, “ನೀನೆಷ್ಟು ಹೆತ್ತಿದ್ದೀಯೆ ಮಗ್ಳೆ?” ಎಂದಳು.

“ಒಂದು, ಅಜ್ಜಿ.”

“ನಾನು ಏಳು ಕಣವ್ವ. ಮೊಮ್ಮಕ್ಳು ಹನ್ನೊಂದು. ಆಯ್ತು, ಯೋಳು ಯೋಳು, ಇನ್ನೇನೇನು ಕಲ್ತಿದ್ದೀಯೆ, ಚೆನ್ನಾಗದೆ ಕೇಳಕ್ಕೆ.”

ಪುಸ್ತಕ ಮುಚ್ಚಿ ಬ್ಯಾಗಿಗೆ ಹಾಕಿಕೊಂಡೆ. ಅಜ್ಜಿಯ ಮೊಮ್ಮಗ ನಮ್ಮನ್ನು ನೋಡಿ ಬಿದ್ದು ಬಿದ್ದು ನಗುತ್ತಿದ್ದ. ಆ ಮನೆಯ ವರದಿಗೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿರಲಿಲ್ಲ.

ಹೀಗೆ ಕಾಯ್ದೆ ಬದಲಾಯಿತು, ನಮೂನೆಗಳು ಬದಲಾದವು, ದತ್ತು ಆದೇಶ ಕೋರ್ಟಿನಿಂದ ಜಿಲ್ಲಾಧಿಕಾರಿಗಳ ಕಚೇರಿಗೆ ಬಂತು, ಕಾಗದದ ಕಡತ ಹೋಗಿ ಮೊಬೈಲಿನಲ್ಲಿ ಫೋಟೋ ಹಾಕುವ ಕಾಲ ಬಂತು. ಎಲ್ಲ ಬದಲಾದರೂ ನನ್ನ ಕೈ ಮಾತ್ರ ಹಳೆಯ ಅಭ್ಯಾಸವನ್ನು ಬಿಟ್ಟಿರಲಿಲ್ಲ ಎಂದು ಗೊತ್ತಾದದ್ದು ಚಿನಕುರಳಿಯಲ್ಲಿ.

ಚೈತ್ರ ಎಂಬ ಏಳು ವರ್ಷದ ಹುಡುಗಿ. ಅವಳ ತಂದೆ ತಾಯಿ ದೂರದ ಸೀಮೆಯಿಂದ ಕಲ್ಲು ಕೆಲಸಕ್ಕೆಂದು ಬಂದವರು. ತಂದೆ ಅವಳು ಹುಟ್ಟುವ ಮೊದಲೇ ತೀರಿಕೊಂಡಿದ್ದ. ತಾಯಿ ನಂಜುಂಡಾಚಾರ್ರು ಎಂಬ ಮರಗೆಲಸದವರ ಮನೆಯ ಪಕ್ಕದ ಕೋಣೆಯಲ್ಲಿ ಬಾಡಿಗೆಗಿದ್ದು, ಎರಡು ವರ್ಷ ಕಾಯಿಲೆ ಬಿದ್ದು, ಅವಳೂ ಹೋದಳು. ಯಾರೋ ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿದರು. ನಾನು ಜೀಪಿನಲ್ಲಿ ಹೋದೆ.

ಜೀಪು ಕಂಡು ಜನ ಸೇರಿತು. ಹುಡುಗಿ ಆಚಾರ್ರ ಹೆಂಡತಿ ಶಾರದಮ್ಮನ ಸೆರಗು ಹಿಡಿದು ನಿಂತಿತ್ತು. ನಾನು ನೋಟ್‌ಬುಕ್ ತೆಗೆದು, “ಈ ಮಗು ನಿಮಗೆ ಏನಾಗಬೇಕು?” ಎಂದು ಕೇಳಿದೆ. ಶಾರದಮ್ಮ ಗಂಡನ ಮುಖ ನೋಡಿದರು. ಆಚಾರ್ರು ನೆಲ ನೋಡುತ್ತ, “ನಮ್ಗೂ ಅದ್ಕೂ ಏನೂ ಸಂಬಂಧ ಇಲ್ಲ ಮೇಡಂ. ಬಾಡ್ಗೆಗಿದ್ದೋರ ಮಗು ಅದು,” ಎಂದರು. ಶಾರದಮ್ಮ ಸೆರಗು ಬಿಡಿಸಿಕೊಂಡರು. ಬಿಡಿಸಿಕೊಳ್ಳುವುದಕ್ಕೆ ಅವರಿಗೆ ಎಷ್ಟು ಹೊತ್ತಾಯಿತು ಎಂಬುದನ್ನು ನಾನು ನೋಡಿದೆ, ಆದರೆ ಬರೆದುಕೊಳ್ಳಲಿಲ್ಲ. ಬರೆದದ್ದು ಇಷ್ಟೆ: ಸಂಬಂಧಿಕರು ಯಾರೂ ಇಲ್ಲ.

“ಎಷ್ಟು ದಿನಕ್ಕೆ?” ಎಂದು ಜೀಪಿನಲ್ಲಿ ಚೈತ್ರ ಕೇಳಿದಳು. ನಾಲ್ಕು ದಿನ ಎಂದೆ. ಮಕ್ಕಳಿಗೆ ಎಂದೂ ಹೇಳಬಾರದ ಸುಳ್ಳು ಅದು. ನಿಮ್ಮಲ್ಲಿ ಯಾರಾದರೂ ಹೇಳಿದ್ದೀರೆಂದು ನನಗೆ ಗೊತ್ತಾದರೆ ಕಿವಿ ಹಿಂಡುತ್ತೇನೆ. ಮಾರನೆಯ ದಿನ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಿದೆ. ನನ್ನ ವರದಿಯನ್ನು ನಂಬಿ ಅವರು ಬಾಲಮಂದಿರಕ್ಕೆ ಆದೇಶ ಕೊಟ್ಟರು. ಬೇರೆ ಏನು ಮಾಡಿಯಾರು?

ಎರಡು ದಿನಕ್ಕೆ ಆ ವರದಿಯ ಪ್ರತಿ ರಾಮಕೃಷ್ಣಯ್ಯನವರ ಮೇಜಿನಿಂದ ವಾಪಸು ಬಂತು. ಅಂಚಿನಲ್ಲಿ ಹಸಿರು ಶಾಯಿ: ‘ಸಂಬಂಧಿಕರಿಲ್ಲ, ಸರಿ. ಜನರೂ ಇಲ್ಲವೆ?’

ಕಪಾಳಕ್ಕೆ ಹೊಡೆದ ಹಾಗಾಯಿತು. ಏಳು ವರ್ಷದ ಮಗು, ತಾಯಿ ಎರಡು ವರ್ಷ ಹಾಸಿಗೆ ಹಿಡಿದಿದ್ದಳು. ಆ ಎರಡು ವರ್ಷ ಅದಕ್ಕೆ ಅನ್ನ ಹಾಕಿದವರು ಯಾರು, ತಲೆ ಬಾಚಿದವರು ಯಾರು ಎಂದು ನಾನು ಕೇಳಿಯೇ ಇರಲಿಲ್ಲ. ಮತ್ತೆ ಚಿನಕುರಳಿಗೆ ಬಸ್ಸಿನಲ್ಲಿ ಹೋದೆ. ಜೀಪು ಬೇಡ ಅನ್ನಿಸಿತ್ತು. ನೆಂಟರಲ್ಲದವರೂ ಮಗುವನ್ನು ಇಟ್ಟುಕೊಳ್ಳಲು ಕಾಯ್ದೆಯಲ್ಲಿ ಅವಕಾಶವಿದೆ ಎಂದು ಆಚಾರ್ರಿಗೆ ಬಿಡಿಸಿ ಹೇಳಿದೆ. ಅವರು ತಲೆಯೆತ್ತದೆ ಉಳಿ ಮಸೆಯುತ್ತಲೇ ಕೂತಿದ್ದರು. ಸರಿ, ಇವರಿಗೆ ಇಷ್ಟವಿಲ್ಲ ಎಂದುಕೊಂಡು ಬಂದೆ. ಮರುದಿನ ನಾನು ಕಚೇರಿಯ ಬಾಗಿಲು ತೆಗೆಸುವ ಮೊದಲೇ ಶಾರದಮ್ಮ ಮೆಟ್ಟಿಲ ಮೇಲೆ ಕೂತಿದ್ದರು.

“ಆ ಮಗೀನ ನಾವೇ ಇಸ್ಕೋತೀವಿ ಮೇಡಮ್ಮೋರೆ. ಎಲ್ಲಿ ಎಬ್ಬೆಟ್ಟು ಒತ್ಬೇಕು ಯೋಳಿ. ನಂಗೆ ಸೈನೂ ಬತ್ತದೆ.”

ಸಹಿ ಮಾಡಿದ ತಕ್ಷಣ ಆಗುವ ಕೆಲಸವೇ ಇದು? ಚೈತ್ರಳ ಬಂಧುಗಳು ಎಲ್ಲಾದರೂ ಇದ್ದಾರೆಯೇ ಎಂದು ಅವರ ಊರಿಗೆ ಪತ್ರ ಹೋಗಬೇಕು, ಉತ್ತರ ಬರಬೇಕು, ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು. ಅವರ ಕಡೆಯವರು ಯಾರೂ ಸಿಗಲಿಲ್ಲ. ಅಷ್ಟರಲ್ಲಿ ಎರಡು ತಿಂಗಳು ಕಳೆಯಿತು. ಬಾಲಮಂದಿರದ ಮೇಲ್ವಿಚಾರಕಿ ಅಂತಃಕರಣದವರು. ಆದರೂ ನಾನು ಹೋದಾಗಲೆಲ್ಲ ಹುಡುಗಿ ನನ್ನತ್ತ ಬೆನ್ನು ತಿರುಗಿಸಿ ಕೂರುತ್ತಿತ್ತು. ಕೊನೆಗೆ ಮನೆ ನೋಡುವ ದಿನ ಗೊತ್ತಾಯಿತು. ಈ ವರದಿ ಸರಿಯಾಗಿ ಬಂದರೆ ಚೈತ್ರ ಚಿನಕುರಳಿಗೆ, ಇಲ್ಲದಿದ್ದರೆ ಬಾಲಮಂದಿರದಲ್ಲೇ, ಮುಂದೆ ಎಲ್ಲಿಗೋ. ಇಷ್ಟೂ ನನ್ನ ಒಂದು ಪೆನ್ನಿನ ಮೇಲೆ ನಿಂತಿತ್ತು.

ಹೋಗಿ ನೋಡುತ್ತೇನೆ, ಅದು ಆಚಾರ್ರ ಮನೆಯೇ ಅಲ್ಲ. ಬಾಗಿಲಲ್ಲಿ ಸದಾ ಬಿದ್ದಿರುತ್ತಿದ್ದ, ಹತ್ತರಿಯಿಂದ ಮರ ಹೆರೆದ ಹೊಟ್ಟು ಇಲ್ಲ, ಉಳಿ ಬಾಚಿ ಒಂದೂ ಇಲ್ಲ. ನಡುಮನೆಯಲ್ಲಿ ಸೋಫಾ. ಸೋಫಾದ ಪಕ್ಕದಲ್ಲಿ ಒಂದು ಫ್ರಿಜ್ಜು. ಅದರ ವೈರು ಸುತ್ತಿ ದಾರ ಕಟ್ಟಿ ಹಿಂದೆ ಸಿಕ್ಕಿಸಿದ್ದರು. ಆ ಗೋಡೆಯಲ್ಲಿ ಪ್ಲಗ್ಗೇ ಇರಲಿಲ್ಲ. ಸೋಫಾ ವಿದ್ಯೆಯಲ್ಲಿ ನಾನು ಅಷ್ಟರಲ್ಲಿ ಪಂಡಿತೆ, ಆದ್ದರಿಂದ ಒಳಗೊಳಗೇ ನಕ್ಕು ಉಪ್ಪಿಟ್ಟಿಗೆ ಕೈ ಹಾಕಿದೆ. ಆಮೇಲೆ ಎದ್ದು ಮನೆಯೆಲ್ಲ ನೋಡಿದೆ. ನನ್ನ ನಗು ನಿಂತುಹೋಯಿತು. ಇಡೀ ಮನೆಯಲ್ಲಿ ಒಂದು ಮಗು ಇದ್ದ ಗುರುತೇ ಇಲ್ಲ. ಪುಟ್ಟ ಚಪ್ಪಲಿ ಇಲ್ಲ, ಹಳೆಯ ಲಂಗ ಇಲ್ಲ, ಗೋಡೆಯ ಮೇಲೆ ಒಂದು ಗೀಚೂ ಇಲ್ಲ. ಸುಣ್ಣ ಇನ್ನೂ ಹಸಿಯಾಗಿತ್ತು.

“ಚೈತ್ರ ಎಲ್ಲಿ ಮಲಗುತ್ತಿದ್ದಳು?” ಎಂದೆ.

“ಅದು ಇಲ್ಲಿ ಮಲಗ್ತಿರ್ಲಿಲ್ಲ ಮೇಡಂ,” ಎಂದರು ಆಚಾರ್ರು. “ಅಂಗೇ ಬತ್ತಿತ್ತು, ಓಯ್ತಿತ್ತು.”

“ಊಟ?”

“ಯಾವಾಗ್ಲಾರ ಒಂದ್ ತುತ್ತು.” ಶಾರದಮ್ಮ ಗೋಡೆಯತ್ತ ತಿರುಗಿ ಹೇಳಿದರು.

ಇದನ್ನೇ ಬರೆದರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ಮಗುವಿಗೂ ಈ ಮನೆಗೂ ಹತ್ತಿರದ ಒಡನಾಟ ಇರಲಿಲ್ಲ ಎಂದಾದರೆ ಸಮಿತಿ ಯಾವ ಆಧಾರದ ಮೇಲೆ ಕೊಟ್ಟೀತು? ಬರೆಯದೆ ಬಿಟ್ಟರೆ ಸುಳ್ಳು ವರದಿ. ನಾನು ಪೆನ್ನು ಹಿಡಿದು ಕೂತಿದ್ದೆ. ಆಗ ಬಂದರು ನೋಡಿ ಜಯಮ್ಮ. ಪಕ್ಕದ ಮನೆಯವರು, ನಾಲ್ಕು ಸೀಮೆಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುವವರು. ಯಾರತ್ತಲೂ ನೋಡದೆ ಬಿರಬಿರನೆ ಬಂದು ಫ್ರಿಜ್ಜಿನ ಬಾಗಿಲು ತೆಗೆದು ಒಂದು ಬಟ್ಟಲು ಎತ್ತಿಕೊಂಡರು.

“ಎಪ್ಪಿನ ಬಟ್ಲು ಇದ್ರಲ್ಲೇ ಉಳ್ಕಂಬುಟ್ಟಿತ್ತು ಕಣೆ ಶಾರ್ದಾ. ಮೊಸ್ರಿಗೆ ಎಪ್ಪಾಕ್ಬೇಕಲ್ಲ,” ಎಂದವರು ಆಮೇಲೆ ನನ್ನನ್ನು ಕಂಡು ನಾಲಿಗೆ ಕಚ್ಚಿಕೊಂಡರು.

ನಾನು ಜೋರಾಗಿ ನಕ್ಕೆ. ತಡೆಯಲು ಆಗಲಿಲ್ಲ. ನಗು ಮುಗಿದ ಮೇಲೆ, “ಜಯಮ್ಮ, ಫ್ರಿಜ್ಜು ನಿಮ್ಮದು ಅಂತ ಗೊತ್ತಾಯ್ತು, ಅದು ಬಿಡಿ. ಚೈತ್ರ ಈ ಮನೇಲಿ ಮಲಗ್ತಿರ್ಲಿಲ್ವಂತೆ, ಹೌದಾ?” ಎಂದೆ.

ಜಯಮ್ಮ ಶಾರದಮ್ಮನನ್ನು ದುರುಗುಟ್ಟಿಕೊಂಡು ನೋಡಿದರು. “ಅದ್ಯಾಕೆ ಅಂಗಂದ್ಯೆ? ಎರಡ್ ವರ್ಷದಿಂದ ನಿನ್ ಮಗ್ಗುಲ್ ಬುಟ್ಟು ಎಲ್ಲಿ ಮಲಗ್ಯದೆ ಅದು? ಅದ್ಕೆ ಜ್ವರ ಬಂದಾಗ ಹರಕೆ ಕಟ್ಕಂಡು ಕರಿಘಟ್ಟ ಹತ್ತಿದ್ಯಲ್ಲೇ ನೀನು. ಬನ್ನಿ ಮೇಡಂ, ನಾನು ತೋರಿಸ್ತೀನಿ.”

ನನ್ನ ಕೈ ಹಿಡಿದು ತಮ್ಮ ಕೊಟ್ಟಿಗೆಗೆ ಕರೆದುಕೊಂಡು ಹೋದರು. ಹುಲ್ಲಿನ ಮೆದೆಯನ್ನು ಎಳೆದರು. ಅಡಿಯಲ್ಲಿ ಒಂದು ಪುಟ್ಟ ಮಂಚ. ಅದರ ಮೇಲೆ ಶಾಲೆಯ ಬ್ಯಾಗು, ಎರಡು ಲಂಗ, ಬಣ್ಣದ ಹೇರ್ ಬ್ಯಾಂಡು, ಮರದ ಗೊಂಬೆಗಳು, ಎಲ್ಲವನ್ನೂ ಶಾರದಮ್ಮನ ಹಳೆಯ ಸೀರೆಯಲ್ಲಿ ಗಂಟು ಕಟ್ಟಿಟ್ಟಿದ್ದರು. ಹಿಂದೆಯೇ ಬಂದ ಗಂಡ ಹೆಂಡಿರು ಕಳ್ಳತನ ಸಿಕ್ಕಿಬಿದ್ದವರ ಹಾಗೆ ಬಾಗಿಲಲ್ಲಿ ನಿಂತರು.

“ಯಾಕೆ ಬಚ್ಚಿಟ್ರಿ?” ಎಂದೆ.

“ಕಾಗದ ಪತ್ರ ಇಲ್ದೆ ಬೇರೇರ ಮಗೀನ ಮಡಿಕಂಡ್ರೆ ಜೈಲು ಅಂದ್ರು ಊರಲ್ಲಿ,” ಎಂದರು ಆಚಾರ್ರು. “ಅದ್ಕೇ ಅವತ್ತು ಸಂಬಂಧ ಇಲ್ಲ ಅಂದ್ಬುಟ್ಟೆ. ಒಂದ್ ಸುಳ್ಳು ಯೋಳಿದ್ನಲ್ಲ, ಈಗ ಇದ್ನೆಲ್ಲ ನೋಡುದ್ರೆ ಸುಳ್ಳ ಅಂತ ಗೊತ್ತಾಗಿ ಮಗೀನ ಕೊಡಲ್ಲ ಅಂದ್ಕಂಡೊ.”

ಯಾರೂ ಅವರನ್ನು ಜೈಲಿಗೆ ಹಾಕುವವರಿರಲಿಲ್ಲ. ಅದನ್ನು ಅವರಿಗೆ ಮೊದಲ ದಿನವೇ ಹೇಳಬೇಕಾಗಿದ್ದವಳು ನಾನು. ಮಗುವನ್ನು ಪಡೆಯಬೇಕೆಂದು ಸೋಫಾ ತಂದು ತೋರಿಸಿ, ಅದೇ ಮಗುವಿಗಾಗಿ ಮಾಡಿದ್ದನ್ನೆಲ್ಲ ಹುಲ್ಲಿನಡಿ ಹುಗಿದಿಟ್ಟಿದ್ದರು. ನನ್ನ ಕಣ್ಣಲ್ಲಿ ನೀರು ಬಂತು. ಹುಲ್ಲಿನ ಧೂಳು ಎಂದು ಸುಳ್ಳು ಹೇಳುವುದಿಲ್ಲ, ಅತ್ತುಬಿಟ್ಟೆ.

ಮಂಚದ ಪಟ್ಟಿಗಳಲ್ಲಿ ಸಾಲಾಗಿ ತೂತುಗಳಿದ್ದವು. ಅದೇನು ಎಂದು ಕೇಳಿದೆ. ಕೆಲಸದ ಮಾತು ಬಂದದ್ದೇ ಆಚಾರ್ರಿಗೆ ಜೀವ ಬಂತು. ಕೂತು, ಕಾಲಿನ ಕಡೆಯ ಹಲಗೆಯ ಬೆಣೆ ತೆಗೆದು, ಮುಂದಿನ ತೂತಿಗೆ ಸರಿಸಿ ತೋರಿಸಿದರು. ಮಂಚ ಒಂದು ಗೇಣು ಉದ್ದವಾಯಿತು.

“ಬೆಳಿಯೋ ಮಗು ಅಲ್ವ ಮೇಡಂ. ವರ್ಷ ವರ್ಷ ಇಂಗೆ ಒಂದೊಂದ್ ತೂತು ಮುಂದುಕ್ಕೆ ಆಕುದ್ರೆ ಆಯ್ತು. ಅದ್ರ ಮದ್ವೆ ಗಂಟ ಬತ್ತದೆ.”

ಆ ರಾತ್ರಿಯ ತನಕ ಕಾಯಲಿಲ್ಲ, ಅಲ್ಲೇ ಕೊಟ್ಟಿಗೆಯ ಕಲ್ಲಿನ ಮೇಲೆ ಕೂತು ವರದಿ ಬರೆದೆ. ಅವರು ಮೊದಲು ಹೇಳಿದ ಸುಳ್ಳನ್ನೂ ಬರೆದೆ, ಯಾಕೆ ಹೇಳಿದರು ಎಂಬುದನ್ನೂ ಬರೆದೆ, ನಾನು ಮೊದಲ ದಿನ ಕೇಳದೆ ಬಿಟ್ಟದ್ದನ್ನೂ ಬರೆದೆ. ಮಂಚಕ್ಕೆ ಒಂದೂವರೆ ಪುಟ. ಸೋಫಾದ ಬಗ್ಗೆ ಒಂದು ಪದವೂ ಇಲ್ಲ. ಅಂಚಿನಲ್ಲಿ ಏನೂ ಬರೆಯದೆ ರಾಮಕೃಷ್ಣಯ್ಯನವರು ಸಹಿ ಹಾಕಿದರು. ನನ್ನ ಸೇವೆಯಲ್ಲಿ ಅವರು ಅಂಚು ಖಾಲಿ ಬಿಟ್ಟದ್ದು ಅದೊಂದೇ ಸಲ.

ಸಮಿತಿಯ ಅಧ್ಯಕ್ಷೆ ಚೈತ್ರಳನ್ನು ಪಕ್ಕಕ್ಕೆ ಕೂರಿಸಿಕೊಂಡು, ಆಚಾರ್ರ ಮನೆಗೆ ಹೋಗಲು ಇಷ್ಟವೇ ಎಂದು ಕೇಳಿದರು. ಮಗುವಿನ ಇಷ್ಟ ಕೇಳಬೇಕು ಎಂಬ ಆ ಒಂದು ಸಾಲಿಗಾಗಿಯೇ ಕಾಯ್ದೆ ಬರೆದವರಿಗೆ ನಾನು ಕೈ ಮುಗಿಯುತ್ತೇನೆ. ಚೈತ್ರ, “ಇವತ್ತೇ ಓಗ್ಬೋದಾ?” ಎಂದಳು. ಆದೇಶ ಕೈಗೆ ಬಂತು. ಶಾರದಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದರು, ಆಚಾರ್ರು ಎಲ್ಲರಿಗೂ ಕೈ ಮುಗಿಯುತ್ತ ಕೊನೆಗೆ ಕಾವಲುಗಾರನಿಗೂ ಮುಗಿದರು. ಊರಿನವರೆಗೂ ಬಿಟ್ಟುಬರೋಣ ಎಂದು ನಾನೂ ಹೊರಟೆ. ಚೈತ್ರ ಬಾಗಿಲಲ್ಲಿ ನಿಂತು ನನ್ನನ್ನು ಕೈಯಿಂದ ತಡೆದಳು.

“ನೀವ್ ಬರ್ಬ್ಯಾಡಿ. ನೀವ್ ಬಂದ್ರೆ ಕರ್ಕಂಡ್ ಓಯ್ತೀರ.”

ನಾನು ನಿಂತೆ. ಮೂವರೂ ಬಸ್ ಸ್ಟ್ಯಾಂಡಿನ ಕಡೆಗೆ ನಡೆದು ಹೋದರು.

ಆದರೆ ನಿಯಮ ನಿಯಮವೇ. ಪೋಷಕರ ಮನೆಯಲ್ಲಿ ಮಗು ಹೊಂದಿಕೊಂಡಿದೆಯೇ ಎಂದು ಮೊದಮೊದಲು ತಿಂಗಳಿಗೊಮ್ಮೆ ನೋಡಿ ಬರಲೇಬೇಕು. ತಿಂಗಳು ತುಂಬಿದ ಮೇಲೆ ಅಳುಕುತ್ತಲೇ ಚಿನಕುರಳಿಗೆ ಹೋದೆ. ಬೀದಿಯ ತಿರುವಿನಲ್ಲಿ ಚೈತ್ರ ನನ್ನನ್ನು ಕಂಡಳು. ಕಂಡವಳೇ ಓಡಿ ಮನೆಯೊಳಗೆ ಹೋಗಿ ದಢಾರನೆ ಬಾಗಿಲು ಹಾಕಿ ಅಗುಳಿ ಹಾಕಿಕೊಂಡಳು. ಜಗಲಿಯಲ್ಲಿ ಬಾಚಿ ಹಿಡಿದಿದ್ದ ಆಚಾರ್ರು, ನೀರು ತರಲು ಹೋಗಿದ್ದ ಶಾರದಮ್ಮ, ನಾನು, ಮೂವರೂ ಹೊರಗೇ ಉಳಿದೆವು.

“ತಗಿಯೇ ಚೈತ್ರಿ, ಮೇಡಮ್ಮೋರು ನಿಂತವ್ರೆ,” ಎಂದು ಶಾರದಮ್ಮ ಗೋಗರೆದರು. ಅವರಿಗೆ ನಾಚಿಕೆಯೋ ನಾಚಿಕೆ. ಜಯಮ್ಮನ ಮನೆಯಿಂದ ನನಗೆ ಕಾಫಿ ಬಂತು. ಹೊಟ್ಟು ಒರೆಸಿ ಜಗಲಿಯಲ್ಲಿ ಕೂತೆ. ಸ್ವಲ್ಪ ಹೊತ್ತಿಗೆ ಬಾಗಿಲ ಸಂದಿಯಿಂದ ಸಣ್ಣ ದನಿ ಕೇಳಿಸಿತು.

“ಅವ್ವ, ಓದ್ರಾ ಅವ್ರು?”

“ಇಲ್ಲ ಕಣೆ, ಕಾಫಿ ಕುಡೀತಾವ್ರೆ.”

“ಕುಡ್ದು ಓಗ್ಲಿ. ಆಮೇಲ್ ತಗೀತೀನಿ.”

ನಾನು ಲೋಟ ಕೆಳಗಿಟ್ಟು, ನಗುತ್ತಲೇ ಭೇಟಿಯ ನಮೂನೆ ತೆಗೆದೆ. ಮಗು ಹೊಂದಿಕೊಂಡಿದೆಯೇ ಎಂಬ ಕಡೆ ಹೀಗೆ ಬರೆದು ಎದ್ದು ಬಂದೆ: ‘ಮಗುವನ್ನು ಮಾತನಾಡಿಸಲು ಆಗಲಿಲ್ಲ. ತನ್ನ ಮನೆಯ ಬಾಗಿಲನ್ನು ಒಳಗಿನಿಂದ ಹಾಕಿಕೊಂಡಿದೆ.’